ಶಾಫ್ಟ್ ಬಿಚ್ಚದೆ ಎಳೆಸಿದ ಲಾರಿ

ನಮ್ಮನೆಯವರಿಗೆ ಲಾರಿಯವರೆಲ್ಲ ಸೇರಿ ಇಟ್ಟ ಹೆಸರು ಆಯಿಲ್ ಮೇಷ್ಟ್ರು. ಇವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ಹೇಳಿಸಿಕೊಂಡದ್ದೂ ಅಷ್ಟಕ್ಕಷ್ಟೇ. ಆದರೆ ಇವರ ಶೆಡ್ಡಿಗೆ ಲಾರಿ ತಂದ ಡ್ರೈವರು ಯಾರೇ ಆಗಲಿ, ಗಾಡಿಯೊಳಗಿನ ಎಣ್ಣೆ ಎಲ್ಲಿಂದ ಹೊರಟು ಎಲ್ಲೆಲ್ಲಿ ಸುತ್ತಿ ಎಲ್ಲಿಗೆ ಮರಳುತ್ತದೆ ಎಂಬುದನ್ನು ಕೇಳಿಸಿಕೊಳ್ಳದೆ ಕೀಲಿ ವಾಪಸ್ ಪಡೆಯುವ ಹಾಗಿರಲಿಲ್ಲ. ಮೊದಮೊದಲು ಎಣ್ಣೆ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಆ ಹೆಸರಿಗೆ ಬೀದಿಯಲ್ಲಿ ಬೇರೆ ಅರ್ಥ ಬರುತ್ತದೆಂದು ನಾನೇ ಜಗಳ ಆಡಿ ಬದಲಾಯಿಸಿದೆ. ಒಂದು ತೊಟ್ಟೂ ಕುಡಿಯದ ಮನುಷ್ಯನಿಗೆ ಕುಡುಕನ ಹೆಸರು ಅಂಟಿಕೊಂಡರೆ ಕಟ್ಟಿಕೊಂಡವಳಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ?

ನನಗೂ ಆ ಪಾಠ ತಪ್ಪಲಿಲ್ಲ. ಮದುವೆಯಾದ ಹೊಸದರಲ್ಲಿ ಒಂದು ಸಂಜೆ ಹೊರಗೆ ಹೋಗಿಬರೋಣ ಬಾ ಎಂದರು. ಇದ್ದುದರಲ್ಲಿ ಒಳ್ಳೆಯದನ್ನು ಉಟ್ಟುಕೊಂಡು, ತಲೆ ಬಾಚಿಕೊಂಡು ಹೊರಟರೆ ಕರೆದುಕೊಂಡು ಹೋದದ್ದು ಶೆಡ್ಡಿಗೆ. ಅಲ್ಲಿ ಕಬ್ಬಿಣದ ಮೇಜಿನ ಮೇಲೆ ದೊಡ್ಡ ಎಂಜಿನ್ನೊಂದು ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಮನೆಯ ಕೆಳಗಿನ ನೀರಿನ ತೊಟ್ಟಿ, ಮೋಟರು, ಮೇಲಿನ ಟ್ಯಾಂಕು ಗೊತ್ತಲ್ಲ, ಇದೂ ಹಾಗೇ ಎಂದು ಶುರು ಮಾಡಿದರು. ಎಂಜಿನ್ನಿನ ತಳದಲ್ಲಿ ಚೇಂಬರ್ ಎಂಬ ಆಳವಾದ ತಟ್ಟೆ ಇರುತ್ತದೆ, ಎಣ್ಣೆ ನಿಲ್ಲುವುದು ಅದರಲ್ಲಿ. ಪಂಪು ಅದನ್ನು ಒಂದು ಜಾಲರಿಯ ಮೂಲಕ ಹೀರಿ ಮೇಲಕ್ಕೆ ತಳ್ಳುತ್ತದೆ. ಕೂಲರಿನಲ್ಲಿ ಬಿಸಿ ಇಳಿಸಿಕೊಂಡು, ಫಿಲ್ಟರಿನಲ್ಲಿ ಕೊಳೆ ಬಿಟ್ಟು, ಎಂಜಿನ್ನಿನ ಉದ್ದಕ್ಕೂ ಕೊರೆದಿರುವ ಒಂದು ಓಣಿಗೆ ಬರುತ್ತದೆ. ಆ ಓಣಿಯಿಂದ ಸಂದಿಗೊಂದಿಗಳಿಗೆಲ್ಲ ಹಂಚಿಹೋಗುತ್ತದೆ: ಕ್ರ್ಯಾಂಕಿನ ಬೇರಿಂಗುಗಳಿಗೆ, ಪಿಸ್ಟನ್ನಿನ ಅಡಿಗೆ, ತಲೆಯ ಮೇಲೆ ವಾಲ್ವುಗಳನ್ನು ಒತ್ತುವ ರಾಕರುಗಳಿಗೆ, ಪಕ್ಕದಲ್ಲಿ ಬುಗುರಿಯಂತೆ ತಿರುಗುವ ಟರ್ಬೊಗೆ. ಕೆಲಸ ಮುಗಿಸಿದ ಎಣ್ಣೆ ತಾನಾಗಿಯೇ ಜಾರಿ ಮತ್ತೆ ಚೇಂಬರಿಗೆ ಬಂದು ಬೀಳುತ್ತದೆ.

"ಕಬ್ಬಿಣಕ್ಕೆ ಕಬ್ಬಿಣ ತಾಗೋದೇ ಇಲ್ಲ ನೋಡು. ಮಧ್ಯೆ ಎಣ್ಣೆ ಇರುತ್ತೆ. ಅದು ಇಲ್ಲ ಅಂದ್ರೆ ಎರಡೂ ಹಾಳಾಗುತ್ತೆ," ಎಂದರು. ಹೊಸ ಹೆಂಡತಿ ನಾನು, ಇದರ ಮುಂದೆ ನಮ್ಮಿಬ್ಬರ ಬಗ್ಗೆ ಏನಾದರೂ ಹೇಳುತ್ತಾರೇನೋ ಎಂದು ಕಾದೆ. ಹೇಳಲಿಲ್ಲ. ಫಿಲ್ಟರು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕೆಂದು ಹೇಳಿದರು.

ಗೇರ್‌ಬಾಕ್ಸಿಗೆ ಮಾತ್ರ ಬೇರೆಯೇ ನ್ಯಾಯ. ಇವರ ಕೈಗೆ ಬರುತ್ತಿದ್ದ ಲಾರಿಗಳ ಗೇರ್‌ಬಾಕ್ಸಿನಲ್ಲಿ ಪಂಪೇ ಇರುವುದಿಲ್ಲ. ಕೆಳಗೊಂದು ಶಾಫ್ಟು, ಮೇಲೊಂದು ಶಾಫ್ಟು. ಕೆಳಗಿನದರ ಗೇರುಗಳು ಎಣ್ಣೆಯಲ್ಲಿ ಮುಳುಗಿರುತ್ತವೆ. ಎಂಜಿನ್ ಅದನ್ನು ತಿರುಗಿಸಿದಾಗ ಅವು ಎಣ್ಣೆಯನ್ನು ಎತ್ತಿ ಎತ್ತಿ ಮೇಲಿನದರ ಮೈಮೇಲೆ ಎರಚುತ್ತವೆ. ಮಕ್ಕಳು ಬಕೆಟ್ಟಿನ ನೀರಿಗೆ ಕೈಬಡಿದು ಬಚ್ಚಲ ಗೋಡೆಯನ್ನೆಲ್ಲ ತೋಯಿಸುವುದಿಲ್ಲವೇ, ಹಾಗೆ. ಅದಕ್ಕೇ ಎಂಜಿನ್ ನಿಂತುಹೋದ ಲಾರಿಯನ್ನು ಇನ್ನೊಂದು ಲಾರಿಗೆ ಕಟ್ಟಿ ಎಳೆಸುವಾಗ ಮೊದಲು ಕೆಳಗೆ ನುಗ್ಗಿ, ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಹೋಗುವ ಉದ್ದನೆಯ ಶಾಫ್ಟನ್ನು ಬಿಚ್ಚಿ ಇಡಬೇಕು. ಬಿಚ್ಚದಿದ್ದರೆ ಚಕ್ರ ತಿರುಗಿದಂತೆ ಮೇಲಿನ ಶಾಫ್ಟು ತಿರುಗುತ್ತದೆ, ಕೆಳಗಿನದು ಸುಮ್ಮನೆ ನಿಂತಿರುತ್ತದೆ, ಎಣ್ಣೆ ಎರಚುವವರು ಯಾರೂ ಇರುವುದಿಲ್ಲ. ನ್ಯೂಟ್ರಲ್ಲಿಗೆ ಹಾಕಿದ್ದೆ ಸ್ವಾಮಿ, ಹತ್ತಿರವೇ ಇತ್ತು ಸ್ವಾಮಿ ಎಂದು ಬಂದ ಡ್ರೈವರುಗಳ ಬೆವರನ್ನು ಇವರು ಇಳಿಸಿದ್ದನ್ನು ನಾನು ಬುತ್ತಿ ಕೊಡಲು ಹೋದಾಗ ಎಷ್ಟೋ ಸಲ ನೋಡಿದ್ದೇನೆ. ಆ ಹೊತ್ತಿನಲ್ಲಿ ಇವರ ಎದುರು ನಿಲ್ಲಲು ನನಗೇ ಧೈರ್ಯ ಸಾಲುತ್ತಿರಲಿಲ್ಲ.

ಹಾಗೆ ಬೆವರಿಳಿಸಿಕೊಂಡು ಕಲಿತವರಲ್ಲಿ ನನ್ನ ತಮ್ಮನೂ ಒಬ್ಬ. ಭಾವನ ಶೆಡ್ಡಿನಲ್ಲೇ ಸ್ಪ್ಯಾನರು ಹಿಡಿದು, ಆಮೇಲೆ ಸ್ಟಿಯರಿಂಗ್ ಹಿಡಿದವನು. ಅವನದು ಮಾತು ಕಡಿಮೆ, ಕೆಲಸ ಜಾಸ್ತಿ. ನಮ್ಮ ತಾಯಿಯ ಗುಣ. ನನಗೆ ಬಂದದ್ದು ಅಪ್ಪನ ಬಾಯಿ. ಅವನು ದುಡಿಯುತ್ತಿದ್ದ ಯಾರ್ಡಿನ ಯಜಮಾನಿ ಗಂಡ ಹೋದ ಮೇಲೆ ತಾನೇ ಲಾರಿಗಳನ್ನು ನಡೆಸಿಕೊಂಡು ಬಂದ ಹೆಂಗಸು. ಹೊಸ ಲಾರಿಯನ್ನು ಸುಮ್ಮಸುಮ್ಮನೆ ಯಾರ ಕೈಗೂ ಕೊಡುವವಳಲ್ಲ. ಹಳೆಯ ಗಾಡಿಗಳಲ್ಲಿ ನಮ್ಮವನನ್ನು ವರ್ಷಗಟ್ಟಲೆ ತಿಣುಕಾಡಿಸಿ, ಕೊನೆಗೆ ಅವನ ಕೂದಲು ನೆರೆಯಲು ಶುರುವಾದ ಮೇಲೆ ದೊಡ್ಡ ಹೊಸ ಲಾರಿಯ ಕೀಲಿ ಕೊಟ್ಟಳು. ಅಂದು ಅವನು ಲಾರಿಯನ್ನು ನಮ್ಮ ಬೀದಿಯ ತುದಿಗೇ ತಂದು ನಿಲ್ಲಿಸಿದ್ದ. ಇವರು ಅದರ ಸುತ್ತ ಪ್ರದಕ್ಷಿಣೆ ಹಾಕಿದರು, ಎಣ್ಣೆಯ ಕಡ್ಡಿ ಎಳೆದು ಬೆರಳಿಗೆ ಹಚ್ಚಿ ಉಜ್ಜಿ ನೋಡಿದರು, ಒಳ್ಳೆಯ ಮಾತು ಒಂದೂ ಆಡದೆ ಒಳಗೆ ಬಂದು ಕೂತರು. ಇವರಿಗೆ ತುಂಬ ಸಂತೋಷವಾದರೆ ಹೀಗೇ.

ಅಷ್ಟು ಹೊತ್ತಿಗೆ ಇವರ ಮಂಡಿ ಕೈಕೊಟ್ಟಿತ್ತು. ಆಯುಷ್ಯವೆಲ್ಲ ತಣ್ಣನೆಯ ನೆಲದ ಮೇಲೆ ಲಾರಿಯ ಕೆಳಗೆ ಮಲಗಿ ಕಳೆದವರು, ಮಂಡಿನೋವು ಬಾರದೆ ಏನಾಗುತ್ತದೆ? ನೆಲದ ಮೇಲೆ ಕೂತರೆ ಒಂದೇ ಸಲಕ್ಕೆ ಏಳಲು ಆಗುತ್ತಿರಲಿಲ್ಲ, ಕಂತು ಕಂತಾಗಿ ಏಳುತ್ತಿದ್ದರು. ನಾನು ಕೈ ನೀಡಿದರೆ, ಬಿದ್ದ ನಟ್ಟು ಹುಡುಕುತ್ತಿದ್ದೆ ಎನ್ನುತ್ತಿದ್ದರು. ಮನೆಯೊಳಗೆ ಎಲ್ಲಿಂದ ಬರುತ್ತದೆ ನಟ್ಟು? ಡಾಕ್ಟರ ಹತ್ತಿರ ಹೋಗೋಣ ಎಂದರೆ ಮುಖ ಊದಿಸಿಕೊಳ್ಳುತ್ತಿದ್ದರು. ಗಾಡಿಯ ಕೆಳಗೆ ನುಗ್ಗಲಾರದ ಮೆಕ್ಯಾನಿಕ್ಕು ಎಂದು ಜನ ಆಡಿಕೊಂಡರೆ ಇವರಿಗೆ ಜೀವ ಹೋದಷ್ಟೇ ಸಂಕಟ ಎಂದು ನನಗೆ ಗೊತ್ತಿತ್ತು. ಹಾಗಾಗಿ ನಾನೂ ನೋಡಿಯೂ ನೋಡದ ಹಾಗೆ ಇದ್ದುಬಿಟ್ಟೆ.

ಆಮೇಲೆ ನಡೆದದ್ದರಲ್ಲಿ ಅರ್ಧ ನಾನು ಕಂಡದ್ದು, ಇನ್ನರ್ಧ ಆಮೇಲೆ ಕೇಳಿ ತಿಳಿದದ್ದು. ನಡೆದ ಕ್ರಮದಲ್ಲೇ ಹೇಳುತ್ತೇನೆ.

ತಮ್ಮ ಸರಕು ಇಳಿಸಿ ಖಾಲಿ ಲಾರಿಯಲ್ಲಿ ಹಿಂದಿರುಗುತ್ತಿದ್ದ. ಏರು ದಾರಿಯಲ್ಲಿ ಎದುರಿನ ಎಣ್ಣೆಯ ಕೆಂಪು ದೀಪ ಹತ್ತಿಕೊಂಡಿತು. ಅವನು ಮುಂದಿನ ತಿರುವಿನವರೆಗೂ ಕಾಯಲಿಲ್ಲ, ಆ ಕ್ಷಣವೇ ಎಂಜಿನ್ ಆರಿಸಿ ಗಾಡಿಯನ್ನು ಪಕ್ಕಕ್ಕೆ ತಂದ. ಇಳಿದು ನೋಡಿದರೆ ಕೂಲರಿಗೆ ಹೋಗುವ ಪೈಪು ಸೀಳಿ, ಬಂದ ದಾರಿಯುದ್ದಕ್ಕೂ ಎಣ್ಣೆ ಚೆಲ್ಲಿತ್ತು. ಇನ್ನು ಸ್ವಲ್ಪ ಓಡಿದ್ದರೂ ಎಂಜಿನ್ ಹಿಡಿದುಕೊಂಡು ಬಿಡುತ್ತಿತ್ತು. ಫೋನಿನಲ್ಲಿ ಅದನ್ನು ಕೇಳಿದ ಇವರ ಮುಖ ಊರಗಲವಾಯಿತು. ಯಾರು ಕಲಿಸಿದ್ದು ಹೇಳು ಎಂದು ನನ್ನನ್ನೇ ಕೇಳಿದರು. ಪೈಪು ಅಲ್ಲಿ ಸಿಗುವಂಥದ್ದಲ್ಲ, ಯಾರ್ಡಿಗೇ ಎಳೆಸಿಕೊಂಡು ಬರಬೇಕು ಎಂದು ತೀರ್ಮಾನವಾಗಿ, ಇವರು ಪರಿಚಯದ ಡ್ರೈವರೊಬ್ಬನ ಲಾರಿ ಹತ್ತಿ, ಎಳೆಯುವ ಕಬ್ಬಿಣದ ಕಂಬಿಯನ್ನೂ ಹಾಕಿಸಿಕೊಂಡು ಹೊರಟರು.

ಅಲ್ಲಿ ಕಂಬಿ ಕಟ್ಟಿದ್ದಾಯಿತು. ಇನ್ನು ಕೆಳಗೆ ನುಗ್ಗಿ ಶಾಫ್ಟು ಬಿಚ್ಚಬೇಕು. ಇವರು ಚಕ್ರವನ್ನು ಹಿಡಿದುಕೊಂಡು ಬಗ್ಗಿದರು. ಒಂದು ಮಂಡಿ ಊರಿದರು, ಇನ್ನೊಂದು ಮಡಚಲು ಒಪ್ಪಲಿಲ್ಲ. ಹಲ್ಲು ಕಚ್ಚಿಕೊಂಡು ಮತ್ತೊಮ್ಮೆ ಪ್ರಯತ್ನ ಪಟ್ಟರು. ತಮ್ಮ ನೋಡುತ್ತಿದ್ದ. ಸ್ಪ್ಯಾನರು ಕೈಗೆತ್ತಿಕೊಂಡು, "ನಾನು ಬಿಚ್ತೀನಿ ಭಾವ. ನೀವು ನಿಂತ್ಕೊಂಡು ನೋಡಿ, ಸಾಕು," ಎಂದ.

ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ ಆ ಸಾಕು ಎಂಬ ಮಾತು ಇವರಿಗೆ ಎಲ್ಲಿ ಚುಚ್ಚಬೇಕೋ ಅಲ್ಲಿ ಚುಚ್ಚಿತು. ಎಳೆಯುವ ಲಾರಿಯ ಡ್ರೈವರೂ ಕಿಟಕಿಯಿಂದ ತಲೆ ಹಾಕಿ, ಆಯಿತಾ ಮೇಷ್ಟ್ರೇ ಎಂದು ಕೇಳುತ್ತಿದ್ದ. ಇವರು ಚಕ್ರ ಹಿಡಿದು ಎದ್ದು ನಿಂತು ಕೈ ಕೊಡವಿಕೊಂಡರು. ಬಿಚ್ಚುವುದೇನೂ ಬೇಡ, ಹತ್ತಿರವೇ ತಾನೇ ಇರುವುದು, ನ್ಯೂಟ್ರಲ್ಲಿಗೆ ಹಾಕು, ನಡಿ ಎಂದರು. ಯಾವ ಮಾತಿಗಾಗಿ ಊರ ಡ್ರೈವರುಗಳನ್ನೆಲ್ಲ ಬೈದಿದ್ದರೋ ಅದೇ ಮಾತು. ತಮ್ಮನಿಗೆ ಅದು ತಪ್ಪೆಂದು ಗೊತ್ತು. ಕಲಿಸಿದ ಭಾವನಿಗೆ ಎದುರಾಡಲು ನಾಲಿಗೆ ಏಳಲಿಲ್ಲ. ಸ್ಪ್ಯಾನರನ್ನು ಪೆಟ್ಟಿಗೆಗೆ ಹಾಕಿ ಸ್ಟಿಯರಿಂಗಿಗೆ ಹೋಗಿ ಕೂತ.

ಹತ್ತಿರ ಎಲ್ಲಿ ಬಂತು? ಗುಡ್ಡ ಹತ್ತಿ ಇಳಿದು ಬರಬೇಕಾದ ದಾರಿ ಅದು. ಯಾರ್ಡಿನ ಗೇಟು ಕಾಣುವ ಹೊತ್ತಿಗೆ ಸುಟ್ಟ ವಾಸನೆ ಬಂತು, ಗೇರ್‌ಬಾಕ್ಸು ಊಳಿಡತೊಡಗಿತು, ಗೇಟಿನ ಹತ್ತಿರ ಬರುತ್ತಲೂ ಹಿಂದಿನ ಚಕ್ರಗಳು ಒಮ್ಮೆಲೇ ಹಿಡಿದುಕೊಂಡು ರಸ್ತೆಯ ಮೇಲೆ ಕಪ್ಪು ಗೀರು ಎಳೆದು ನಿಂತವು. ಯಜಮಾನಿ ಆಫೀಸಿನಿಂದ ಹೊರಗೆ ಬಂದಳು. ಗಾಡಿಯ ಕೆಳಗೆ ಬಗ್ಗಿ ನೋಡಿದಳು. ಶಾಫ್ಟು ಹೇಗಿತ್ತೋ ಹಾಗೇ ಇತ್ತು. ಯಾರು ಹೀಗೆ ಎಳೆಸಿದ್ದು ಎಂದು ಕೇಳಿದಳು.

ಇವರು ಬಾಯಿ ತೆರೆಯುವ ಮೊದಲೇ ತಮ್ಮ ಮುಂದೆ ಬಂದ. ನಾನೇ ಅಮ್ಮಾ, ಭಾವ ಬರುವಷ್ಟರಲ್ಲಿ ಕಟ್ಟಿ ಹೊರಟುಬಿಟ್ಟಿದ್ದೆ, ಅವರು ದಾರಿಯಲ್ಲಿ ಹತ್ತಿಕೊಂಡರು ಎಂದ. ಎಳೆದು ತಂದವನು ಅಷ್ಟರಲ್ಲಿ ಕಂಬಿ ಕಳಚಿ ತನ್ನ ದಾರಿ ಹಿಡಿದಿದ್ದ. ಇವರ ಬಾಯಿಗೆ ಬೀಗ ಬಿತ್ತು. ಯಜಮಾನಿ ಕೂಗಾಡಲಿಲ್ಲ. ಮೇಷ್ಟ್ರ ಭಾವಮೈದುನ ಎಂದೇ ನಂಬಿ ಕೊಟ್ಟಿದ್ದೆ, ಇಂಥ ಕೈಗೆ ಹೊಸ ಗಾಡಿ ಕೊಡುವುದಿಲ್ಲ, ಕೀಲಿ ಇಟ್ಟು ಹೋಗು ಎಂದಳು. ಅವನು ಇಟ್ಟು ಬಂದ.

ಸಂಜೆ ಅವನು ನಮ್ಮ ಮನೆಗೆ ಬಂದಾಗ ಕೈಯಲ್ಲಿ ಲಾರಿಯ ಕ್ಯಾಬಿನ್ನಿನಲ್ಲಿಟ್ಟಿದ್ದ ಹಾಸಿಗೆಯ ಸುರುಳಿಯೂ ಬಟ್ಟೆಯ ಚೀಲವೂ ಇದ್ದವು. ಅದನ್ನು ನೋಡಿಯೇ ಏನೋ ಆಗಿದೆ ಎಂದುಕೊಂಡೆ. ಕೇಳಿದರೆ ಯಜಮಾನಿಗೆ ಹೇಳಿದ ಕತೆಯನ್ನೇ ನನಗೂ ಹೇಳಿದ. ನನಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಕಲಿತದ್ದೆಲ್ಲ ಎಲ್ಲಿ ಹೋಯಿತು, ಚಿಕ್ಕವನಾ ನೀನು, ಭಾವನ ಹೆಸರನ್ನು ನಾಲ್ಕು ಜನರ ಮುಂದೆ ಮಣ್ಣುಪಾಲು ಮಾಡಿದೆಯಲ್ಲ ಎಂದು ಬಾಯಿಗೆ ಬಂದ ಹಾಗೆ ಬೈದೆ. ನಾಳೆಯಿಂದ ಈ ಮನುಷ್ಯ ಯಾವ ಮುಖ ಹೊತ್ತುಕೊಂಡು ಆ ಯಾರ್ಡಿಗೆ ಹೋಗಬೇಕು ಎಂದೂ ಕೇಳಿದೆ. ಅವನು ಚೀಲವನ್ನೂ ಕೆಳಗಿಡದೆ ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ.

ಇವರು ಊಟಕ್ಕೆ ಕೂತಿದ್ದರು. ಕಲಸಿದ ತುತ್ತು ಕೈಯಲ್ಲೇ ಇತ್ತು, ಬಾಯಿಗೆ ಹೋಗುತ್ತಿರಲಿಲ್ಲ. ನಾನು ಮತ್ತೆ ಶುರು ಮಾಡುವಷ್ಟರಲ್ಲಿ ತಟ್ಟೆ ಪಕ್ಕಕ್ಕೆ ಸರಿಸಿದರು.

"ಅವನಿಗೆ ಬೈಬೇಡ. ಎಳೆಸಿದ್ದು ನಾನು. ಅವನು ಬಿಚ್ತೀನಿ ಅಂದ, ನಾನೇ ಬೇಡ ಅಂದೆ. ನನಗೆ ಮಂಡಿ ಮಡಚೋಕಾಗಲಿಲ್ಲ."

ನಾನು ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟೆ. ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಸುಳ್ಳು ಹೇಳಿದ ತಮ್ಮನ ಮೇಲೋ, ಸುಮ್ಮನೆ ನಿಂತ ಗಂಡನ ಮೇಲೋ, ಏನೂ ಅರಿಯದೆ ಮೈಮೇಲೆ ಬಂದವಳ ಹಾಗೆ ಕೂಗಾಡಿದ ನನ್ನ ಮೇಲೋ. ತಮ್ಮ ಬಂದು ಭಾವನ ಪಕ್ಕ ಕೂತ. ಬಿಟ್ಟುಬಿಡಿ ಭಾವ, ನನಗೆ ಬೇರೆ ಗಾಡಿ ಸಿಗುತ್ತದೆ, ಹಳೆಯದಾದರೆ ಹಳೆಯದು ಎಂದ. ಆಯಿಲ್ ಮೇಷ್ಟ್ರೇ ಗೇರ್‌ಬಾಕ್ಸ್ ಸುಟ್ಟರಂತೆ ಎಂದು ಸುದ್ದಿ ಹರಡಿದರೆ ಶೆಡ್ಡಿಗೆ ನಾಳೆಯಿಂದ ಯಾರು ಬರುತ್ತಾರೆ ಎಂದು ಕೇಳಿದ. ನಿಜ ಹೇಳಬೇಕೆಂದರೆ ಅವನ ಮಾತಿಗೆ ನನ್ನ ತಲೆಯೂ ಅರ್ಧ ಆಡಿತು. ಒಂದು ಕಡೆ ಒಡಹುಟ್ಟಿದವನು, ಇನ್ನೊಂದು ಕಡೆ ಕಟ್ಟಿಕೊಂಡವರು, ಯಾರನ್ನು ಬಿಟ್ಟುಕೊಡಲಿ ನಾನು? ಇವರು ಮಾತ್ರ ಕೈ ತೊಳೆದು ಎದ್ದರು. ಎದ್ದದ್ದು ಕಂತಿನಲ್ಲೇ, ಆದರೆ ನಟ್ಟು ಹುಡುಕುವ ಮಾತು ಬರಲಿಲ್ಲ.

ಬೆಳಿಗ್ಗೆ ಮೂವರೂ ಯಾರ್ಡಿಗೆ ಹೋದೆವು. ನೀನು ಯಾಕೆ ಎಂದು ಇವರು ಕೇಳಿದರು. ನಾನು ಚಪ್ಪಲಿ ಮೆಟ್ಟಿಕೊಂಡೆ. ಲಾರಿ ಗೇಟಿನ ಒಳಗೆ ಬಂದು ನಿಂತಿತ್ತು, ಹಿಂದಿನ ಚಕ್ರಗಳನ್ನು ಎತ್ತಿ ಏನೇನೋ ಸಾಹಸ ಮಾಡಿ ತಂದಿದ್ದರಂತೆ. ಸುತ್ತ ನಾಲ್ಕಾರು ಡ್ರೈವರುಗಳು ಚಹಾದ ಲೋಟ ಹಿಡಿದು ನಿಂತಿದ್ದರು. ಇವರು ಆಫೀಸಿನ ಒಳಗೂ ಹೋಗದೆ ಹೊರಗೆ ನಿಂತೇ ಯಜಮಾನಿಯನ್ನು ಕರೆದು, ನಡೆದದ್ದನ್ನು ನಡೆದ ಹಾಗೆ ಹೇಳಿದರು. ಮಂಡಿಯ ವಿಷಯ ಮಾತ್ರ ಬಿಟ್ಟರು. ಅವಸರದಲ್ಲಿ ತಪ್ಪು ಮಾಡಿದೆ ಎಂದರು.

ಯಜಮಾನಿ ಇಬ್ಬರ ಮುಖವನ್ನೂ ನೋಡಿದಳು. ಸುಳ್ಳು ಯಾಕೆ ಹೇಳಿದೆ ಎಂದು ತಮ್ಮನನ್ನು ಕೇಳಿದಳು. ಅವನು ನೆಲ ನೋಡುತ್ತ, "ಎಂಜಿನ್ ಉಳಿದಿದ್ದೂ ಭಾವನಿಂದಲೇ ಅಮ್ಮಾ, ದೀಪ ಹತ್ತಿದ ಕೂಡಲೇ ಆರಿಸು ಅಂತ ಕಲಿಸಿದ್ದು ಅವರೇ. ಅದನ್ನ ಯಾರೂ ಹೇಳಲಿಲ್ಲ," ಎಂದ. ನನ್ನ ತಮ್ಮ ಯಜಮಾನಿಯ ಎದುರು ಹೀಗೆ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಅವಳು ಒಳಗೆ ಹೋಗಿ ಕೀಲಿ ತಂದು ಅವನ ಕೈಗೆ ಹಾಕಿದಳು. ಇನ್ನೊಮ್ಮೆ ಸುಳ್ಳು ಹೇಳಿದರೆ ಯಾರ್ಡಿನ ಹೊಸ್ತಿಲು ತುಳಿಯಬೇಡ ಎಂದಳು. ಆಮೇಲೆ ಇವರ ಕಡೆ ತಿರುಗಿ, ಗೇರ್‌ಬಾಕ್ಸನ್ನು ಬೇರೆ ಶೆಡ್ಡಿಗೆ ಕಳಿಸುವುದಿಲ್ಲ ಮೇಷ್ಟ್ರೇ, ಹಾಳು ಮಾಡಿದವರೇ ಇಳಿಸಿ ಸರಿ ಮಾಡಬೇಕು, ಈಗಲೇ ಇಲ್ಲೇ ಶುರು ಮಾಡಿ ಎಂದಳು. ನಂಬಿಕೆ ಹೋಗಿಲ್ಲ ಎಂದು ತೋರಿಸುವ ಅವಳ ರೀತಿ ಅದು. ಸುತ್ತಲಿನವರಿಗೆಲ್ಲ ಹಾಗೇ ಅನ್ನಿಸಿತು. ನನಗೆ ಮಾತ್ರ ಇವರ ಮಂಡಿಯೇ ಕಣ್ಣಮುಂದೆ ಬಂತು. ಗೇರ್‌ಬಾಕ್ಸು ಇಳಿಸಬೇಕೆಂದರೆ ಕೆಳಗೆ ನುಗ್ಗಲೇಬೇಕು. ಇವರು ಲಾರಿಯ ಹತ್ತಿರ ಹೋಗಿ ಚಕ್ರದ ಮೇಲೆ ಕೈಯಿಟ್ಟರು. ಹೂಂ ಎಂದು ಬಗ್ಗಿ, ಅಲ್ಲಿ ಎಲ್ಲರೆದುರು ಬೀಳುತ್ತಾರೆ ಎಂದುಕೊಂಡೆ. ಹೋಗಿ ಹಿಡಿದುಕೊಳ್ಳಬೇಕೆನ್ನಿಸಿತು, ಹಿಡಿದರೆ ಇನ್ನೂ ಅವಮಾನ ಎಂದು ನಿಂತೆ.

ಇವರು ಬಗ್ಗಲಿಲ್ಲ. ತಿರುಗಿ ನಿಂತು, ಅಷ್ಟೂ ಜನ ಡ್ರೈವರುಗಳಿಗೆ ಕೇಳುವ ಹಾಗೆ ಹೇಳಿದರು.

"ಆಗಲ್ಲ ಅಮ್ಮಾ. ನನಗೀಗ ಗಾಡಿ ಕೆಳಗೆ ನುಗ್ಗೋಕಾಗಲ್ಲ. ನಿನ್ನೆ ಶಾಫ್ಟ್ ಬಿಚ್ಚದೆ ಇದ್ದದ್ದೂ ಅದಕ್ಕೇ."

ಒಬ್ಬ ಡ್ರೈವರು ಚಹಾದ ಲೋಟವನ್ನು ಬಾಯಿಂದ ಇಳಿಸಿದ. ಇವರ ಕಿವಿಗಳು ಕೆಂಪಾಗಿದ್ದವು. ಹಿಂದಿನ ಸಂಜೆಯವರೆಗೂ ಈ ಮಾತು ನನ್ನೆದುರೂ ಬಂದಿರಲಿಲ್ಲ, ನಾನು ಬಾಯಿಬಿಟ್ಟು ಕೇಳಿಯೂ ಇರಲಿಲ್ಲ. ನನ್ನ ಗಂಡನ ಮೇಲೆ ಆ ಹೊತ್ತು ನನಗೆ ಬಂದಷ್ಟು ಪ್ರೀತಿ ಮದುವೆಯ ಹೊಸದರಲ್ಲೂ ಬಂದಿರಲಿಲ್ಲ.

ತಮ್ಮ ಒಂದು ಗೋಣಿಚೀಲ ತಂದು ನೆಲಕ್ಕೆ ಹಾಸಿ, ಲಾರಿಯ ಕೆಳಗೆ ಜಾರಿದ. ಯಜಮಾನಿ ಆಫೀಸಿನಿಂದ ತನ್ನ ಕುರ್ಚಿಯನ್ನೇ ತರಿಸಿ ಇವರ ಹಿಂದೆ ಇಡಿಸಿದಳು. ಇವರು ಅದನ್ನು ಕೈಯಿಂದ ಮುಟ್ಟಿ ನೋಡಿ, ಸ್ವಲ್ಪ ಹೊತ್ತು ನಿಂತೇ ಇದ್ದು, ಆಮೇಲೆ ಕೂತರು.

ಮೊದಲು ಏನು ಮಾಡಲಿ ಭಾವ ಎಂದು ಕೆಳಗಿನಿಂದ ಕೇಳಿದ. ಅವನಿಗೆ ಗೊತ್ತಿಲ್ಲದ ವಿಷಯವಲ್ಲ ಅದು. ತಳದ ಬೋಲ್ಟು ಬಿಚ್ಚಿ ಎಣ್ಣೆ ಇಳಿಸು ಎಂದರು ಇವರು. ಎಣ್ಣೆ ಬಾಣಲೆಗೆ ಸುರಿಯಿತು. ಕಡಿಮೆಯೇನೂ ಆಗಿರಲಿಲ್ಲ, ಎಷ್ಟು ಬೇಕೋ ಅಷ್ಟೇ ಇತ್ತು. ಮೇಲಕ್ಕೆ ಹೋಗಿರಲಿಲ್ಲ, ಅಷ್ಟೇ. ಸುಟ್ಟು ಕಪ್ಪಾಗಿ, ಕಬ್ಬಿಣದ ಪುಡಿ ಸೇರಿ ಮಿಣಮಿಣ ಹೊಳೆಯುತ್ತಿತ್ತು. ತಮ್ಮ ಬಾಣಲೆಯನ್ನು ಹೊರಗೆ ತಳ್ಳಿದ. ಇವರು ಕುರ್ಚಿಯಿಂದ ಬಾಗಿ ಬೆರಳು ಅದ್ದಿ, ಅಂಗೈಗೆ ಹಚ್ಚಿಕೊಂಡು, ನಿಂತಿದ್ದ ಡ್ರೈವರುಗಳ ಕಡೆ ಕೈ ಚಾಚಿದರು. ನೋಡಿ, ಇದು ನಾನು ಮಾಡಿದ್ದು, ಬಾಕ್ಸಿನಲ್ಲಿ ಎಣ್ಣೆ ತುಂಬಿರುವಾಗಲೇ ಸುಟ್ಟಿದ್ದು ಎಂದರು. ಅವರು ಒಬ್ಬೊಬ್ಬರಾಗಿ ಬಂದು ಮುಟ್ಟಿ ನೋಡಿದರು. ಒಬ್ಬನೂ ನಗಲಿಲ್ಲ.

ಕೆಳಗೆ ಸ್ಪ್ಯಾನರಿನ ಸದ್ದು ನಿಂತಿತು. ಮುಂದೆ ಯಾವ ಬೋಲ್ಟು ಭಾವ ಎಂದು ತಮ್ಮ ಮತ್ತೆ ಕೇಳಿದ. ಭಾವನಿಗೆ ಬೇಸರವಾಗದಿರಲಿ ಎಂದೇ ಅವನು ಕೇಳುತ್ತಿದ್ದಾನೆಂದು ನನಗೆ ತಿಳಿಯಿತು. ಇವರಿಗೂ ತಿಳಿದಿರಬೇಕು. ಸ್ವಲ್ಪ ಹೊತ್ತು ಲಾರಿಯ ಕೆಳಗೆ ಕಾಣುತ್ತಿದ್ದ ಅವನ ಎರಡು ಕಾಲುಗಳನ್ನೇ ನೋಡುತ್ತ ಕೂತರು.

"ನಿನಗೆ ಗೊತ್ತಲ್ಲ," ಎಂದರು. "ನೀನೇ ಬಿಚ್ಚು."

ಕೆಳಗಿನಿಂದ ಬೋಲ್ಟು ಸಡಿಲವಾಗುವ ಸದ್ದು ಬಂತು. ನನಗೆ ಅಳು ತಡೆಯಲಾಗದೆ ಗೇಟಿನ ಕಡೆ ಮುಖ ತಿರುಗಿಸಿ ನಿಂತುಕೊಂಡೆ.